ಬೇರು ಜಾಲಿಸಿದ ನೀರು

ನಮ್ಮ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಹುಡುಗಿ ಮೊದಲ ತಿಂಗಳೆಲ್ಲ ನನ್ನನ್ನು ಏನೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬಂದವಳು ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು:

"ಆಂಟಿ, ನಿಮ್ಮ ದೊಡ್ಡ ಕುಕ್ಕರ್ ಒಂದು ತಾಸು ಸಿಗತೈತೇನ್ರಿ?"

"ಎಷ್ಟು ಮಂದಿಗೆ ಅಡಿಗಿ?"

"ಅಡಿಗಿ ಅಲ್ರಿ. ನೀರು ಬೇಯಿಸಬೇಕು."

ಅವಳು ಕೃಷಿ ಸೂಕ್ಷ್ಮಜೀವಿ ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಊರು ಕುರುಗೋಡು, ತಂದೆ ಅಲ್ಲಿ ಹತ್ತಿ ತುಂಬಿ ಗಾದಿ ಹೊಲಿಯುವವರು. ಭತ್ತದ ಬೇರಿನ ಸುತ್ತ ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಗಿಡಕ್ಕೆ ಆಹಾರ ಒದಗಿಸುವುದರಲ್ಲಿ ಎಷ್ಟು ಕೈಜೋಡಿಸುತ್ತವೆ ಎಂಬುದು ಅವಳ ವಿಷಯ. ಕಾಲೇಜಿನ ಲ್ಯಾಬಿನಲ್ಲಿ ಸಾಮಾನುಗಳನ್ನು ಆವಿಯಲ್ಲಿ ಶುದ್ಧ ಮಾಡುವ ಯಂತ್ರ ಕೆಟ್ಟು ಕೂತಿತ್ತು. ರಿಪೇರಿಯವನು ನಾಳೆ, ನಾಡಿದ್ದು ಎನ್ನುತ್ತಲೇ ಇದ್ದ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಅಡುಗೆಮನೆಯಲ್ಲಿ ಮದುವೆ ಮುಂಜಿಗೆಂದು ಇಟ್ಟುಕೊಂಡಿದ್ದ ಕುಕ್ಕರ್ ಅವಳ ಕಣ್ಣಿಗೆ ಬಿದ್ದದ್ದು ಹೀಗೆ.

ನಾನು ಕುಕ್ಕರ್ ಕೊಟ್ಟೆ, ಜೊತೆಗೆ ನಿಂತೆ. ಲೀಟರು ನೀರಿಗೆ ಎಂಟೂವರೆ ಗ್ರಾಂ ಉಪ್ಪು. ನಾನು ಬೆರಳಂದಾಜಿನಲ್ಲಿ ಹಾಕಲು ಹೋದಾಗ ಅವಳು ನಕ್ಕು ಪುಟ್ಟ ತಕ್ಕಡಿಯೊಂದನ್ನು ಮುಂದಿಟ್ಟಳು. ಉಪ್ಪುನೀರನ್ನು ಬಾಟಲಿಗಳಿಗೆ ತುಂಬಿ, ಬಾಯಿಗೆ ಹತ್ತಿಯ ಬಿರಡೆ ಇಟ್ಟು, ಮೇಲೆ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಕು. ಆವಿ ಮೊದಲು ಚೆನ್ನಾಗಿ ಹೊರಬರಬೇಕು, ಆಮೇಲೆ ವೇಟ್ ಇಡಬೇಕು. ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಅವಸರಪಟ್ಟು ತೆಗೆದರೆ ಬಿರಡೆಗಳು ಹಾರಿಹೋಗುತ್ತವೆ, ತಾನಾಗಿ ಆರುವತನಕ ಕಾಯಬೇಕು.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ನಮ್ಮನಿಯಾಗ ಈಗ ನೀರಿಗೂ ಸೀಟಿ ಹೊಡಸ್ತಾರ" ಎಂದರು.

ತಣ್ಣಗಾದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದೆ. ಮೊದಲಿದ್ದ ನೀರೇ. "ಏನು ಬದಲಾತು?" ಎಂದು ಕೇಳಿದೆ.

"ಇದರಾಗ ಈಗ ಯಾರೂ ಇಲ್ಲ ಆಂಟಿ" ಎಂದಳು.

ಜೀವಿಗಳನ್ನು ಅವಳು 'ಯಾರು' ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಸ್ವಲ್ಪ ದಿನಕ್ಕೆ ಅವಳ ಹೊಲದ ಕೆಲಸಕ್ಕೆ ಬರುತ್ತಿದ್ದ ಸಹಾಯಕಿಗೆ ಬೇರೆ ಕಡೆ ಕಾಯಂ ಕೆಲಸ ಸಿಕ್ಕಿತು. ಒಬ್ಬಳೇ ಹೇಗೆ ಮಾಡುತ್ತಿ ಎಂದು ಕೇಳಿದಾಗ ಅವಳು ಹೊಲದ ಚೀಲದ ಒಂದು ಹಿಡಿಯನ್ನು ನನ್ನ ಕಡೆ ಚಾಚಿದಳು. ಆ ಒಂದು ಹಂಗಾಮಿಗೆ ನಾನು ಅವಳ ಸಹಾಯಕಿಯಾದೆ.

ಬಿರಡೆಯ ಹತ್ತಿ ಮುಗಿದಾಗ ಇಬ್ಬರೂ ಕುರುಗೋಡಿಗೆ ಹೋದೆವು. ಔಷಧಿ ಅಂಗಡಿಯ ಬಿಳಿ ಹತ್ತಿ ಇದಕ್ಕೆ ಬರುವುದಿಲ್ಲವಂತೆ. ಅದು ನೀರು ಕುಡಿಯುತ್ತದೆ, ಒದ್ದೆಯಾದ ಬಿರಡೆಯಲ್ಲಿ ಹೊರಗಿನ ಜೀವಿಗಳು ದಾರಿ ಮಾಡಿಕೊಂಡು ಒಳಗೆ ಇಳಿಯುತ್ತವೆ. ಗಾದಿಯ ಹಸಿ ಹತ್ತಿಗೆ ಹುಟ್ಟಿನಿಂದ ಬಂದ ಜಿಡ್ಡು ಇರುತ್ತದೆ, ನೀರು ಅಂಟುವುದಿಲ್ಲ. ಬೆಟ್ಟದ ಬಂಡೆಗಳ ಕೆಳಗೆ ಅವರ ಅಂಗಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ತಂದೆ ಒಂದು ಚೀಲ ತುಂಬ ಹತ್ತಿ ತುಂಬಿಕೊಟ್ಟು, "ನೋಡ್ರಿ ಅಮ್ಮಾರ, ನಾವು ಮಂದಿಗೆ ಗಾದಿ ಹಾಕಿದ್ವಿ, ನಮ್ಮ ಮಗಳು ಬಾಟ್ಲಿಗೆ ಗಾದಿ ಹಾಕಾಕ ಹತ್ಯಾಳ" ಎಂದರು. ಅವರ ರೆಪ್ಪೆಯ ಮೇಲೂ ಹತ್ತಿಯ ಎಳೆಗಳಿದ್ದವು. ಮಗಳು ಕೈ ಚಾಚಿ ಒಂದನ್ನು ಬಿಡಿಸಿದಳು. ಅಷ್ಟು ಸಣ್ಣ ಎಳೆಯನ್ನು ತುಂಡಾಗದಂತೆ ತೆಗೆದ ಆ ಬೆರಳುಗಳನ್ನು ನೋಡಿ, ಈ ಕೆಲಸ ಇವಳಿಗೆ ಒಲಿಯುತ್ತದೆ ಎನ್ನಿಸಿತು.

ಪ್ರಯೋಗದ ಗದ್ದೆ ಸಿರುಗುಪ್ಪದ ಕಾಲುವೆಯ ಬದಿಯಲ್ಲಿತ್ತು. ಎರೆಮಣ್ಣು; ಕಾಲಿಟ್ಟರೆ ಮೊಣಕಾಲ ತನಕ ಹಿಡಿದುಕೊಂಡು ಬಿಡಲೊಲ್ಲದು. ಗದ್ದೆಯ ಒಡೆಯರಾದ ರೈತರೊಬ್ಬರು ಒಂದು ಅಂಚನ್ನು ಇವಳಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಸಣ್ಣ ಬದು ಕಟ್ಟಿ ಮಡಿಗಳನ್ನು ಮಾಡಿದ್ದಳು. ಕೆಲವು ಮಡಿಗೆ ಪೂರ್ತಿ ಯೂರಿಯಾ. ಕೆಲವಕ್ಕೆ ಕಡಿಮೆ ಯೂರಿಯಾ. ಇನ್ನು ಕೆಲವಕ್ಕೆ ಅಷ್ಟೇ ಕಡಿಮೆ ಯೂರಿಯಾ, ಆದರೆ ನಾಟಿಗೆ ಮೊದಲು ಸಸಿಯ ಬೇರನ್ನು ಅವಳು ಲ್ಯಾಬಿನಲ್ಲಿ ಬೆಳೆಸಿದ ಜೀವಿಗಳ ನೀರಿನಲ್ಲಿ ಅದ್ದಿದ್ದು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುವ ಜೀವಿಗಳು ಅವು. ಮೂರನೆಯ ಬಗೆಯ ಮಡಿ ಎರಡನೆಯದಕ್ಕಿಂತ ಹೆಚ್ಚು ಸಾರಜನಕ ಎಳೆದುಕೊಳ್ಳುತ್ತದೆಯೇ? ಎಳೆದುಕೊಂಡರೆ ಬೇರಿನ ಸುತ್ತ ಆ ಜೀವಿಗಳು ನಿಜಕ್ಕೂ ನೆಲೆ ನಿಂತಿವೆಯೇ? ಇಷ್ಟೇ ಪ್ರಶ್ನೆ.

ಉತ್ತರಕ್ಕೆ ಒಂದೇ ಹಂಗಾಮು ಇತ್ತು. ಆ ವರ್ಷ ಎರಡನೇ ಬೆಳೆಗೆ ಕಾಲುವೆ ನೀರು ಬಿಡುವುದಿಲ್ಲವೆಂದು ಗೊತ್ತಾಗಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಅವಳ ಸಂಶೋಧನೆಯ ಅವಧಿಯೇ ಮುಗಿಯುತ್ತಿತ್ತು. ಈ ಪೈರಿನಿಂದ ಎರಡು ಸಲ, ಒಮ್ಮೆ ಬುಡದಲ್ಲಿ ಮರಿಗಳು ಚಿಗುರಿ ತೆಂಡೆ ಒಡೆಯುವಾಗ, ಇನ್ನೊಮ್ಮೆ ತೆನೆ ಒಳಗೆ ಬಲಿತು ಹೊಡೆ ತುಂಬುವ ಮೊದಲು, ಬೇರಿನ ಮಣ್ಣು ತೆಗೆದುಕೊಳ್ಳಬೇಕು. ಅದು ತಪ್ಪಿದರೆ ಅವಳ ಇಷ್ಟು ವರ್ಷದ ಓದಿಗೆ ಹೇಳಿಕೊಳ್ಳುವ ಉತ್ತರವೇ ಇರುವುದಿಲ್ಲ.

ನಾಟಿಯ ದಿನ ಹೆಣ್ಣುಮಕ್ಕಳ ಗುಂಪು ಸಸಿಮಡಿಯಲ್ಲಿ ಇಳಿದಿತ್ತು. ಅವರ ಕೈಗಳನ್ನು ನೋಡುತ್ತ ನಾನು ಬುತ್ತಿ ತಿನ್ನುವುದನ್ನು ಮರೆತೆ. ಒಂದು ಹಿಡಿ ಸಸಿ ಕೀಳುವುದು, ಬೇರಿನ ಕಡೆಯನ್ನು ಪಾದದ ಪಕ್ಕಕ್ಕೆ ಬಡಿಯುವುದು, ನೀರಿನಲ್ಲಿ ಸರಸರ ಆಡಿಸಿ ಕೆಸರು ಬಿಡಿಸುವುದು, ಕಟ್ಟು ಕಟ್ಟಿ ಹಿಂದಕ್ಕೆ ಎಸೆಯುವುದು. ಮಾತು ನಿಲ್ಲುವುದಿಲ್ಲ, ಕೈ ತಪ್ಪುವುದಿಲ್ಲ. ಅವರ ಮೇಸ್ತ್ರಿಯಮ್ಮ ಎತ್ತರದ ಹೆಂಗಸು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಕಾಸಿನಗಲ ಕುಂಕುಮ. ಬೇರು ಅದ್ದುವ ಟಬ್ಬಿನೊಳಗೆ ಬಗ್ಗಿ ನೋಡಿ, "ಇದೇನವ್ವ, ಮಜ್ಜಿಗಿ ಇದ್ದಂಗ ಐತಿ. ಪೈರಿಗೆ ಕುಡಸ್ತೀರೋ, ನಮಗೂ ಒಂದೊಂದು ಲೋಟ ಕೊಡ್ತೀರೋ?" ಎಂದಳು. ಗದ್ದೆಗೆ ಗದ್ದೆಯೇ ನಕ್ಕಿತು.

ಬಸ್ಸಿನಲ್ಲಿ ಹೋಗಿಬರುವಾಗ ಹುಡುಗಿ ನನಗೆ ಪಾಠ ಹೇಳುತ್ತಿದ್ದಳು. ಎಲೆ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆಯಲ್ಲಿ ಒಂದು ಪಾಲನ್ನು ಗಿಡ ತಾನು ಬಳಸುವುದಿಲ್ಲ, ಬೇರಿನಿಂದ ಮಣ್ಣಿಗೆ ಬಿಡುತ್ತದೆ.

"ಯಾರಿಗೆ?" ಎಂದೆ. ಅಷ್ಟು ಹೊತ್ತಿಗೆ ನಾನೂ 'ಯಾರು' ಎನ್ನಲು ಕಲಿತಿದ್ದೆ.

"ತನ್ನ ಮಂದಿಗೆ ಆಂಟಿ. ಅವು ಬಂದು ತಿಂತಾವು, ಅಲ್ಲೇ ಮನಿ ಮಾಡತಾವು. ಕೆಲವು ಗಾಳಿಯಾಗಿನ ಸಾರಜನಕ ಹಿಡಿದು ಕೊಡತಾವು. ಕೆಲವು ಮಣ್ಣಾಗ ಕಲ್ಲಿನಂಗ ಕೂತ ರಂಜಕಾನ ಕರಗಸತಾವು. ಬೇರು ಇನ್ನಷ್ಟು ಕವಲೊಡೆಯಂಗ ಮಾಡೋವೂ ಅದಾವು."

"ಎಷ್ಟು ದೂರದ ತನಕ?"

ಅವಳು ಹೆಬ್ಬೆರಳು ತೋರುಬೆರಳನ್ನು ತಾಗಿಯೂ ತಾಗದಂತೆ ಹಿಡಿದು ತೋರಿಸಿದಳು. ಬೇರಿಗೆ ಅಂಟಿಕೊಂಡ ಅಷ್ಟೇ ಅಷ್ಟು ಮಣ್ಣು. ಅದರಾಚೆಗೆ ಬರೀ ಗದ್ದೆ.

ನಾನು ಓದಿದ ಕಾನ್ವೆಂಟಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರ್ ಬೇರಿನ ಚಿತ್ರ ಬರೆಸುವಾಗ ಪೆನ್ಸಿಲ್ಲನ್ನು ಸೂಜಿಯಂತೆ ಚೂಪು ಮಾಡಿಸುತ್ತಿದ್ದರು. ಬೇರಿನ ಗೆರೆಯ ಹೊರಗೆ ಒಂದು ಚುಕ್ಕೆಯೂ ಇರಬಾರದು. ಇದ್ದರೆ ರಬ್ಬರು ಕೊಟ್ಟು ಅಳಿಸಲು ಹೇಳುತ್ತಿದ್ದರು. ಅಚ್ಚ ಬಿಳಿ ಕಾಗದದ ನಡುವೆ ನಿಂತಿದ್ದ ಆ ಬೇರಿಗೆ ನನಗೆ ಪೂರ್ತಿ ಅಂಕ ಬಂದಿತ್ತು. ಈ ಹುಡುಗಿ ವರ್ಷಗಟ್ಟಲೆ ಹುಡುಕುತ್ತಿದ್ದದ್ದು ಆ ಬಿಳಿ ಜಾಗವನ್ನೇ.

ತೆಂಡೆ ಒಡೆಯುವ ಹೊತ್ತಿಗೆ ಮೊದಲ ಸಲದ ಮಣ್ಣು ತೆಗೆಯುವ ದಿನ ಬಂತು. ಬಿಸಿಲು ಏರುವ ಮುಂಚೆ ಎಲ್ಲ ಮಡಿಗಳಿಂದ ಬುಡಗಳನ್ನು ಕಿತ್ತು ಐಸ್ ಪೆಟ್ಟಿಗೆ ಸೇರಿಸಬೇಕು. ನಮ್ಮಿಬ್ಬರಿಂದ ಆಗುವ ಕೆಲಸವಲ್ಲ. ಹುಡುಗಿ ಹಿಂದಿನ ದಿನ ರೈತರಿಗೆ ಫೋನ್ ಮಾಡಿ, ಹೆಣ್ಣುಮಕ್ಕಳು ಬುಡವನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ಎಬ್ಬಿಸಿ, ಬೇರಿನ ದಪ್ಪ ಹೆಂಟೆಯನ್ನಷ್ಟೇ ಜಾಡಿಸಿ ಕೊಡಲಿ ಎಂದು ತಿಳಿಸಿದ್ದಳು. ಜಾಡಿಸಿದಾಗ ಉದುರಿ ಹೋಗುವುದು ಸಾಮಾನ್ಯ ಮಣ್ಣು. ಜಾಡಿಸಿದರೂ ಬಿಡದೆ ಅಂಟಿಕೊಂಡದ್ದೇ ಅವಳಿಗೆ ಬೇಕಾದ ಮಣ್ಣು. ನಾವಿಬ್ಬರೂ ಬದುವಿನ ಮೇಲೆ ಚೀಟಿ ಬರೆಯುವುದರಲ್ಲಿ, ಪೆಟ್ಟಿಗೆ ಹೊಂದಿಸುವುದರಲ್ಲಿ ಮುಳುಗಿದ್ದೆವು. ಹೆಣ್ಣುಮಕ್ಕಳು ಬುಡಗಳನ್ನು ಒದ್ದೆ ಗೋಣಿಯಲ್ಲಿ ಅಚ್ಚುಕಟ್ಟಾಗಿ ಸುತ್ತಿ ತಂದುಕೊಟ್ಟರು. ಯಾವ ಮಡಿಯದೆಂದು ಕೇಳಿ ಕೇಳಿ ನಾನು ದುಂಡಕ್ಷರದ ಚೀಟಿಗಳನ್ನು ಕಟ್ಟಿದೆ. ಬೇಗ ಮುಗಿಯಿತೆಂಬ ಖುಷಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗಾಣಿ ಮಿರ್ಚಿ ತಿಂದು ಬಳ್ಳಾರಿಗೆ ಬಂದೆವು.

ನಮ್ಮ ಊಟದ ಮೇಜಿನ ಮೇಲೆ ಮೊದಲ ಗೋಣಿ ಬಿಚ್ಚಿದಳು. ಬೇರುಗಳು ಮಲ್ಲಿಗೆಯ ಎಸಳಿನಂತೆ ಹೊಳೆಯುತ್ತಿದ್ದವು. ಒಂದು ಕಣ ಮಣ್ಣಿಲ್ಲ. ಎರಡನೆಯದೂ ಹಾಗೇ. ಮೂರನೆಯದೂ.

"ಎಷ್ಟು ಚಂದ ಅದಾವ" ಎಂದುಬಿಟ್ಟೆ. ಅವಳ ಮುಖ ನೋಡಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

"ಆಂಟಿ, ಮಣ್ಣ ಇಲ್ಲ" ಎಂದಳು. ಮತ್ತೆ ಉಳಿದ ಗೋಣಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಒಂದೊಂದಾಗಿ ಮಡಿಚಿಟ್ಟಳು. ಅಳಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ನೀರನ್ನು ಒರೆಸಿ ಮೇಲೆ ಹೋದಳು.

ಮಾರನೆಯ ವಾರ ಕಳೆ ಕೀಳುವ ಕೆಲಸ ನಡೆದಿದ್ದಾಗ ಸಿರುಗುಪ್ಪಕ್ಕೆ ಹೋಗಿ ಮೇಸ್ತ್ರಿಯಮ್ಮನನ್ನು ಕಂಡೆವು. ಜಗಳ ಮಾಡಲು ಅಲ್ಲ; ಉಳಿದದ್ದು ಒಂದೇ ಅವಕಾಶ, ಅದೂ ಹೀಗಾಗದಿರಲೆಂದು. ವಿಷಯ ಕೇಳಿ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನೀವೇ ಹೇಳಿ ಕಳಸೀರಲ್ಲವ್ವ, ಬೇರು ಜಾಲಿಸಿ ಕೊಡ್ರಿ ಅಂತ!"

"ಜಾಲಿಸಿ ಅಲ್ಲಕ್ಕ, ಜಾಡಿಸಿ" ಎಂದಳು ಹುಡುಗಿ.

"ಏನು?"

"ಜಾ-ಡಿ-ಸಿ."

ಮೇಸ್ತ್ರಿಯಮ್ಮ ಬದುವಿನ ಮೇಲಿದ್ದ ರೈತರ ಕಡೆ ತಿರುಗಿದಳು. ರೈತರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಫೋನಿನಾಗ ಗಾಳಿ ಭಾಳ ಇತ್ತವ್ವ. ಜಾಲಿಸಿ ಅಂದಂಗ ಕೇಳ್ತು. ನಾಟಿಗೆ ಹೆಂಗ ಜಾಲಿಸ್ತಾರ, ಹಂಗ ಅಂತ ನಾನು ತಿಳಕಂಡೆ."

ಅಕ್ಕಿ ಜಾಲಿಸುವುದು, ಬಟ್ಟೆ ಜಾಲಿಸುವುದು, ಸಸಿ ಜಾಲಿಸುವುದು. ನೀರಿನಲ್ಲಿ ಆಡಿಸಿ ತೆಗೆಯುವ ಆ ಮಾತು ಇಲ್ಲಿನ ಕನ್ನಡದಲ್ಲೂ ಉಂಟು, ತೆಲುಗಿನಲ್ಲೂ ಉಂಟು. ಎರಡು ಕಿವಿಯವರಿಗೂ ಅದೇ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಅಕ್ಷರ ಜಾರಿತ್ತು, ಅದರ ಹಿಂದೆ ಮಣ್ಣೆಲ್ಲ ಜಾರಿತ್ತು.

"ಮತ್ತ ಕಾಲೇಜಿಗೆ ಹೋಗೋ ಪೈರು" ಎಂದಳು ಗುಂಪಿನ ಇನ್ನೊಬ್ಬ ಹೆಂಗಸು. "ಅಮ್ಮಾರ ಮನಿಗೆ ರಾಡಿ ಹಂಗ ಕಳ್ಸೋದೇನ್ರಿ? ಎರಡೆರಡು ಸಲ ಜಾಲಿಸಿದ್ವಿ."

ಮರ್ಯಾದೆಗೆಂದು ಎರಡು ಸಲ ತೊಳೆದ ಬೇರುಗಳು. ಏನು ಹೇಳಲಿ!

ಹುಡುಗಿ ತಾಳ್ಮೆಯಿಂದ ಗದ್ದೆಗಿಳಿದು, ಪ್ರಯೋಗದ ಮಡಿಯ ಹೊರಗಿನ ಒಂದು ಬುಡವನ್ನು ಎಬ್ಬಿಸಿ, ಜಾಡಿಸಿ ತೋರಿಸಿದಳು. ಬೇರಿನ ಮೇಲೆ ಅಲ್ಲಲ್ಲಿ ತುಕ್ಕಿನ ಬಣ್ಣವಿತ್ತು. ಭತ್ತ ತನ್ನ ಕಾಂಡದೊಳಗಿನಿಂದ ಗಾಳಿಯನ್ನು ಬೇರಿಗೆ ಇಳಿಸುತ್ತದೆ, ಕೆಸರಿನಲ್ಲಿ ಮುಳುಗಿದ ಬೇರು ಆ ಗಾಳಿಯಲ್ಲಿ ಒಂದಿಷ್ಟನ್ನು ಹೊರಗೂ ಬಿಡುತ್ತದೆ, ಅಲ್ಲಿ ಮಣ್ಣಿನ ಕಬ್ಬಿಣ ತುಕ್ಕಾಗುತ್ತದೆ ಎಂದು ವಿವರಿಸಿದಳು. ನೀರೊಳಗೆ ನಿಂತ ಗಿಡ ಉಸಿರನ್ನೂ ಹಂಚಿಕೊಳ್ಳುತ್ತದೆ! ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಬುಡ ಕಿತ್ತರು, ಜಾಡಿಸಿದರು. ಜಾಡಿಸಿದ ಮರುಗಳಿಗೆಯೇ ಮೂವರ ಕೈ ತಾನೇ ಬಗ್ಗಿ ಬೇರನ್ನು ನೀರಿಗೆ ಮುಟ್ಟಿಸಿತು.

"ಅಯ್ಯಯ್ಯೋ, ಬಿಡವ್ವ ಬಿಡು!" ಎಂದು ಮೇಸ್ತ್ರಿಯಮ್ಮ ಕೂಗುತ್ತಿದ್ದಂತೆ ಅವಳ ಕೈಯಲ್ಲಿದ್ದ ಬುಡವೂ ನೀರಿನಲ್ಲಿತ್ತು. ಒಂದು ಕ್ಷಣ ನೋಡಿಕೊಂಡು ಗಹಗಹಿಸಿ ನಕ್ಕಳು. "ಸಣ್ಣಕಿದ್ದಾಗಿಂದ ಮಾಡಿದ ಕೈ ಇದು. ಇದಕ್ಕ ಬುದ್ಧಿ ಹೇಳಾಕ ಬರಂಗಿಲ್ಲ. ನೀರಿಗೇ ಹೇಳ್ರಿ, ಮಣ್ಣು ತಗೋಬ್ಯಾಡ ಅಂತ."

ಹುಡುಗಿಯೂ ನಕ್ಕಳು, ಆದರೆ ಕಣ್ಣು ನಗಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತ, ತಾನೊಬ್ಬಳೇ ಹಿಂದಿನ ದಿನದಿಂದಲೇ ಕೀಳಲು ಶುರು ಮಾಡಿದರೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದಳು. ಒಂದು ಮಡಿ ಇಂದು, ಇನ್ನೊಂದು ನಾಳೆ ಆದರೆ ಹೋಲಿಸಲು ಬರುವುದಿಲ್ಲ ಎಂದು ತಾನೇ ತಲೆಯಾಡಿಸಿದಳು.

ನನ್ನ ತಲೆಯಲ್ಲಿ ಮೇಸ್ತ್ರಿಯಮ್ಮನ ಕೊನೆಯ ಮಾತು ಸುತ್ತುತ್ತಿತ್ತು. ನೀರಿಗೆ ಹೇಳ್ರಿ.

"ಮಣ್ಣು ಲ್ಯಾಬಿಗೆ ಬಂದ ಮ್ಯಾಲೆ ನೀನು ಏನು ಮಾಡ್ತಿ?" ಎಂದು ಕೇಳಿದೆ.

"ನಾವು ಬೇಯಿಸಿದ ಉಪ್ಪುನೀರು ಐತಲ್ರಿ, ಅದರಾಗ ಬೇರು ಹಾಕಿ ಅಲ್ಲಾಡಸ್ತೀನಿ. ಅಂಟಿದ ಮಣ್ಣು ನೀರಿಗಿಳಿತೈತಿ. ಆ ನೀರೇ ನನ್ನ ಸ್ಯಾಂಪಲ್ಲು."

"ಅಂದ್ರ ನೀನೂ ಜಾಲಿಸಾಕಿನೇ."

ಅವಳು ಕಿಟಕಿಯಿಂದ ತಿರುಗಿದಳು.

"ಅವರು ಜಾಲಿಸಲಿ ಬಿಡವ್ವ. ಕಾಲುವಿ ನೀರಿನಾಗ ಬ್ಯಾಡ, ನಮ್ಮ ನೀರಿನಾಗ ಜಾಲಿಸಲಿ. ಯಾರೂ ಇಲ್ಲದ ನೀರಿನಾಗ."

ಚೀಲದಿಂದ ನೋಟ್‌ಬುಕ್ ತೆಗೆದು ತೊಡೆಯ ಮೇಲೆ ಬಿಚ್ಚಿದಳು. ಆಮೇಲೆ ಒಂದೊಂದೇ ತೊಡಕು ಹೇಳಿದಳು, ಇಬ್ಬರೂ ಸೇರಿ ದಾರಿ ಹುಡುಕಿದೆವು. ಕೈಯಲ್ಲಿರುವ ಜೀವಿಗಳು ನೀರಿಗೆ ಬೀಳುತ್ತವೆ: ಕೈಗವಸು ಕೊಡೋಣ, ಸ್ಪಿರಿಟಿನಲ್ಲಿ ಒರೆಸೋಣ. ಗದ್ದೆಯ ಗಾಳಿಯಲ್ಲಿ ಮುಚ್ಚಳ ತೆರೆಯಬೇಕು: ಒಂದು ಡಬ್ಬಿಯನ್ನು ಬೇರಿಲ್ಲದೆ ತೆರೆದು ಮುಚ್ಚಿ ತರೋಣ, ಅದರಲ್ಲಿ ಏನು ಬೆಳೆಯುತ್ತದೋ ನೋಡೋಣ. ಒಬ್ಬರು ಜೋರಾಗಿ ಜಾಲಿಸುತ್ತಾರೆ, ಇನ್ನೊಬ್ಬರು ಮೆಲ್ಲಗೆ: ಎಣಿಸಿ ಜಾಲಿಸಲಿ, ಮಣ್ಣು ಎಷ್ಟಿಳಿಯಿತೆಂದು ನೀರು ಆರಿಸಿ ತೂಕ ಹಿಡಿಯೋಣ. ಬಳ್ಳಾರಿಯಲ್ಲಿ ಇಳಿದವಳೇ ಕಾಲೇಜಿನ ತನ್ನ ಸಂಶೋಧನೆಯ ಗೈಡಿಗೆ ಫೋನ್ ಮಾಡಿದಳು. ಕಟ್ಟುನಿಟ್ಟಿನ ಮನುಷ್ಯರು ಅವರು. ಎಲ್ಲ ಮಡಿಗೂ ಒಂದೇ ಕ್ರಮ ಇದ್ದರೆ ಮಾಡು, ಆದರೆ ಒಂದೇ ಮಡಿಯ ಬುಡಗಳು ಒಂದಕ್ಕೊಂದು ತಾಳೆಯಾಗದಿದ್ದರೆ ನಾನು ಒಪ್ಪುವುದಿಲ್ಲ ಎಂದರಂತೆ.

ಬಾಟಲಿಯ ಬಾಯಿ ಸಣ್ಣದು. ಬುಡದ ಬೇರು ಇಳಿಯುವುದಿಲ್ಲ. ಅಗಲ ಬಾಯಿಯ ಪಾತ್ರೆ, ಮುಚ್ಚಳ ಇರುವುದು, ಕುಕ್ಕರಿನ ಶಾಖ ತಾಳುವುದು. ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಸಾಸಿವೆ, ಜೀರಿಗೆ, ಬೆಲ್ಲ, ಪುಟಾಣಿ ಎಲ್ಲ ಪೇಪರಿನ ಪೊಟ್ಟಣಗಳಾದವು. ಡಬ್ಬಿಗಳನ್ನು ಮಸಾಲೆಯ ವಾಸನೆ ಹೋಗುವ ತನಕ ತಿಕ್ಕಿ, ಕುದಿಸಿ, ಉಪ್ಪುನೀರು ಅಳೆದು ಹಾಕಿ, ಮುಚ್ಚಳ ಸಡಿಲಾಗಿ ಇಟ್ಟು, ಕಾಗದ ಕಟ್ಟಿ, ನಾಲ್ಕು ಸರದಿಯಲ್ಲಿ ಬೇಯಿಸಿದೆ. ಚಹಾ ಮಾಡಿಕೊಳ್ಳಲು ಬಂದ ನಮ್ಮ ಮನೆಯವರು ಸಾಲಾಗಿ ಕೂತ ಪೊಟ್ಟಣಗಳನ್ನು ನೋಡಿ, "ಸಕ್ಕರಿ ಯಾವುದು, ಉಪ್ಪು ಯಾವುದು ಅಂತ ಒಂದು ಪರೀಕ್ಷಾ ಇಡವ್ವ, ಬರೀತೀನಿ" ಎಂದರು.

ಎರಡನೆಯ ಸಲದ ದಿನ ಬೆಳಕು ಹರಿಯುವ ಮುಂಚೆ ಹೊರಟೆವು. ಗದ್ದೆ ಮುಟ್ಟಿದಾಗ ರೈತರು ಬದುವಿನ ಮೇಲೆ ಯೂರಿಯಾ ಚೀಲದ ಬಾಯಿ ಬಿಚ್ಚಿಕೊಂಡು ಕೂತಿದ್ದರು.

"ತಪ್ಪು ತಿಳೀಬ್ಯಾಡವ್ವ" ಎಂದರು ಹುಡುಗಿಗೆ. "ನಿನ್ನ ಮಡಿ ಹಳದಿ ತಿರಗಾಕ ಹತ್ಯಾವು. ಹೊಡಿ ತುಂಬೋ ಮುಂಚೆ ಗೊಬ್ಬರ ಹೋಗಬೇಕು, ನೀರಿನ ಪಾಳಿ ನಮಗ ಇವತ್ತೇ. ಮಧ್ಯಾಹ್ನ ನೀರು ಬರ್ತೈತಿ. ಅಷ್ಟರಾಗ ನಾನು ಚೆಲ್ಲೇ ಚೆಲ್ಲತೀನಿ, ಪೂರಾ ಗದ್ದಿಗೆ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಅವರು ಕೈ ಕಟ್ಟಿಕೊಂಡು ಇದ್ದದ್ದೇ ದೊಡ್ಡದು. ಹುಡುಗಿ, "ಮಧ್ಯಾಹ್ನದ ತನಕ ಸಾಕ್ರಿ ಕಾಕಾ" ಎಂದಳು. ಇವತ್ತು ಕೆಟ್ಟರೆ ನಾಳೆ ಇಲ್ಲ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು.

ಜಾಲಿಸುವ ಹೆಣ್ಣುಮಕ್ಕಳು ಸಾಲಾಗಿ ಕೈ ಚಾಚಿದರು. ನಾನು ಗವಸು ಹಾಕಿ, ಸ್ಪಿರಿಟಿನ ಹತ್ತಿಯಲ್ಲಿ ಒರೆಸುತ್ತ ಹೋದೆ. ಒಬ್ಬಾಕೆ ಮೂಸಿ ನೋಡಿ, "ಹೆರಿಗಿ ಮಾಡ್ಸಾಕ ಕರದೀರೇನ್ರಿ?" ಎಂದಳು. ಇಬ್ಬಿಬ್ಬರ ಜೋಡಿ: ಒಬ್ಬರು ಬುಡ ಎಬ್ಬಿಸಿ ಜಾಡಿಸುವುದು, ಗವಸಿನವರು ಬೇರನ್ನು ಡಬ್ಬಿಗಿಳಿಸಿ ಜಾಲಿಸುವುದು, ನಾನು ಮುಚ್ಚಳ ತೆಗೆದು ಹಾಕುವುದು, ಹುಡುಗಿ ಚೀಟಿ ಅಂಟಿಸಿ ಐಸಿಗೆ ಸೇರಿಸುವುದು. ಜಾಲಿಸಿದ ಬುಡದ ಎಲೆ ಕಾಂಡಗಳನ್ನೂ ಬೇರೆಯಾಗಿ ಕಟ್ಟಿಟ್ಟುಕೊಂಡೆವು, ಅವುಗಳಲ್ಲಿನ ಸಾರಜನಕ ಅಳೆಯಲು. ಹತ್ತು ಸಲ ಜಾಲಿಸಬೇಕೆಂದಾಗ ಮೇಸ್ತ್ರಿಯಮ್ಮ ತೆಲುಗಿನಲ್ಲಿ ಎಣಿಸತೊಡಗಿದಳು. "ಒಕಟಿ, ರೆಂಡು, ಮೂಡು…" ಒಬ್ಬರ ದನಿಗೆ ಇನ್ನೊಬ್ಬರ ದನಿ ಕೂಡಿತು. ಅಷ್ಟೂ ಕೈಗಳು ಒಂದೇ ಲಯದಲ್ಲಿ, ಒಂದೇ ಬಿರುಸಿನಲ್ಲಿ ಆಡಿದವು. ತಿಳಿಯಾಗಿದ್ದ ನೀರು ಎರೆಮಣ್ಣಿನ ಕಪ್ಪಿಗೆ ತಿರುಗುವುದನ್ನು ನಾನು ಮುಚ್ಚಳ ಹಿಡಿದು ನೋಡುತ್ತಿದ್ದೆ. ಅಷ್ಟು ಚಂದದ ರಾಡಿಯನ್ನು ನಾನು ಕಂಡಿರಲಿಲ್ಲ.

ನಡುವೆ ಒಂದು ಡಬ್ಬಿ ಜಾರಿ ಕೆಸರಿಗೆ ಬಿತ್ತು. ಬೀಳಿಸಿದಾಕೆ ಅಲ್ಲೇ ಕಲ್ಲಾಗಿ ನಿಂತಳು. ಹೆಚ್ಚಿಗೆ ತಂದಿದ್ದ ಎರಡು ಡಬ್ಬಿಗಳಲ್ಲಿ ಒಂದನ್ನು ತೆರೆದು, ಅದೇ ಮಡಿಯ ಇನ್ನೊಂದು ಬುಡ ತೆಗೆಸಿದೆವು. "ನಿನ್ನ ಕೈಯಾಗ ಬೆಣ್ಣಿ ಐತೇನ್ಲೇ" ಎಂದು ಮೇಸ್ತ್ರಿಯಮ್ಮ ಗದರಿದಳು. ಗದರಿದವಳೇ ಆಕೆಯ ಗವಸನ್ನು ಒರೆಸಿಕೊಡಲು ನನಗೆ ಸನ್ನೆ ಮಾಡಿದಳು. ಕೊನೆಗೆ ಉಳಿದ ಡಬ್ಬಿಯನ್ನು ಬೇರಿಲ್ಲದೆ ತೆರೆದು, ಗವಸಿನ ಬೆರಳನ್ನಷ್ಟೇ ಅದ್ದಿಸಿ, ಹತ್ತು ಎಣಿಸಿ ಮುಚ್ಚಿದೆವು.

"ಖಾಲಿ ಡಬ್ಬಿ ಯಾಕವ್ವ?"

"ಇದು ನಮ್ಮ ಮ್ಯಾಲೆ ಕಾವಲಕ್ಕ. ಇದರಾಗ ಏನರ ಬೆಳದ್ರ ನಾವು ಮಾಡಿದ್ದೆಲ್ಲ ಹೊಲಸು ಅಂತ ಅರ್ಥ."

ಮೇಸ್ತ್ರಿಯಮ್ಮ ಆ ಡಬ್ಬಿಯನ್ನು ಬಲು ಹೊತ್ತು ನೋಡಿದಳು.

ಕಾಲುವೆಯ ನೀರು ಬದುವಿನ ಬಾಯಿಗೆ ಬರುವ ಹೊತ್ತಿಗೆ ಕೊನೆಯ ಬುಡ ಮುಗಿದಿತ್ತು. ರೈತರು ಎದ್ದು, ಚೀಲದಿಂದ ಬೊಗಸೆ ತುಂಬಿಕೊಂಡು ಗದ್ದೆಗಿಳಿದರು. ನಾವು ತಿರುಗಿ ನೋಡದೆ ಬಂದೆವು.

ಲ್ಯಾಬಿನಲ್ಲಿ ಅವಳು ಕೆಲಸ ಮಾಡುವುದನ್ನು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದೆ. ಡಬ್ಬಿಯ ನೀರನ್ನು ಹತ್ತು ಪಟ್ಟು ತೆಳು ಮಾಡುವುದು, ಅದನ್ನು ಮತ್ತೆ ಹತ್ತು ಪಟ್ಟು, ಮತ್ತೆ. ಪ್ರತಿ ತೆಳುವಿನಿಂದ ಒಂದಿಷ್ಟನ್ನು ಕೊಳವೆಗಳಿಗೆ ಬಿಡುವುದು. ಕೊಳವೆಯಲ್ಲಿ ಗಂಜಿಯಂತೆ ಅಲ್ಲಾಡುವ, ಹಸಿರು ಬೆರೆತ ಹಳದಿಯ ಆಹಾರ. ಅದರಲ್ಲಿ ಸಾರಜನಕ ಮಾತ್ರ ಇಲ್ಲ. ಗಾಳಿಯಿಂದ ಹಿಡಿದುಕೊಳ್ಳಬಲ್ಲವರಷ್ಟೇ ಅಲ್ಲಿ ಬಾಳುತ್ತಾರೆ. ಅಂಥವರು ಬೆಳೆದರೆ ಬಣ್ಣ ನೀಲಿಯಾಗುತ್ತದೆ. ಎಷ್ಟು ತೆಳುವಿನ ತನಕ ಬೆಳೆಯುತ್ತಾರೋ ಅದರಿಂದ ಮೊದಲಿಗೆ ಎಷ್ಟು ಜನರಿದ್ದರೆಂದು ಲೆಕ್ಕ. ಅವಳ ಮೊಣಕೈ ಒಮ್ಮೆಯೂ ಮೇಜಿಗೆ ತಾಗಲಿಲ್ಲ. ದೀಪದ ಉರಿಯ ಪಕ್ಕದಲ್ಲಿ ತನ್ನಪ್ಪನ ಹತ್ತಿಯ ಬಿರಡೆಯನ್ನು ಕಿರುಬೆರಳಿನಲ್ಲಿ ಹಿಡಿದೇ ತೆಗೆಯುತ್ತಿದ್ದಳು, ಕೆಳಗಿಡದೆ ಹಾಗೇ ತಿರುಗಿ ಹಾಕುತ್ತಿದ್ದಳು.

ಕೆಲವು ದಿನ ಬಿಟ್ಟು ಬರ್ರಿ ಎಂದಿದ್ದಳು. ಹೋದಾಗ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಕೊಳವೆಗಳು ನೀಲಿಯಾಗಿದ್ದವು. ನೀಲಿಯೊಳಗೆ, ಮೇಲ್ಮೈಗಿಂತ ಕೊಂಚ ಕೆಳಗೆ, ತೆಳ್ಳನೆಯ ಬಿಳಿ ಪರದೆಯೊಂದು ಉಂಗುರದಂತೆ ನಿಂತಿತ್ತು. ಹಾಲಿನ ಕೆನೆ ಮೇಲೆ ಕಟ್ಟುವುದನ್ನು ದಿನವೂ ನೋಡುವವಳು ನಾನು; ಕೆಳಗಿಳಿದು ನಿಂತ ಕೆನೆಯನ್ನು ಮೊದಲ ಸಲ ನೋಡಿದೆ.

"ಅವಕ್ಕ ಗಾಳಿ ಬೇಕು, ಆದರ ಭಾಳ ಬೇಕಾಗಿಲ್ಲ ಆಂಟಿ. ತಮಗೆ ಎಷ್ಟು ಬೇಕೋ ಅಷ್ಟು ಗಾಳಿ ಇರೋ ಜಾಗ ಹುಡುಕಿ ಅಲ್ಲೇ ನಿಲ್ತಾವು."

ಕಣ್ಣಿಲ್ಲ, ಕಾಲಿಲ್ಲ, ತಮ್ಮ ಜಾಗವನ್ನು ಅಷ್ಟು ನಿಖರವಾಗಿ ಅರಿತ ಜೀವಗಳು. ಬೇರು ಅದ್ದಿ ನೆಟ್ಟ ಮಡಿಗಳಲ್ಲಿ ಉಂಗುರ ಬಹಳ ತೆಳು ಮಾಡಿದ ಕೊಳವೆಗಳ ತನಕ ಕಾಣಿಸಿಕೊಂಡಿತ್ತು. ಅದ್ದದ ಮಡಿಗಳಲ್ಲೂ ಇತ್ತು, ಆ ಮಣ್ಣಿನ ಸ್ವಂತದವು, ಆದರೆ ಅಷ್ಟು ತೆಳುವಾಗುವ ಮುಂಚೆಯೇ ನಿಂತುಹೋಗಿತ್ತು. ಒಂದೇ ಮಡಿಯ ಬುಡಗಳು ಒಂದಕ್ಕೊಂದು ಹೊಂದುತ್ತಿದ್ದವು. ಖಾಲಿ ಡಬ್ಬಿಯ ಕೊಳವೆಗಳು ಹಳದಿಯಾಗಿಯೇ ಉಳಿದಿದ್ದವು.

ಎಲೆ ಕಾಂಡಗಳನ್ನು ಒಣಗಿಸಿ, ಪುಡಿ ಮಾಡಿ ನೋಡಿದಾಗಲೂ ಉತ್ತರ ಸಿಕ್ಕಿತು. ಕಡಿಮೆ ಯೂರಿಯಾದ ಮಡಿಗಳಲ್ಲಿ ಬೇರು ಅದ್ದಿದ್ದವು ಹೆಚ್ಚು ಸಾರಜನಕ ಎಳೆದುಕೊಂಡಿದ್ದವು. ಪೂರ್ತಿ ಯೂರಿಯಾದ ಮಡಿಯನ್ನು ಅವು ಮುಟ್ಟಲಿಲ್ಲ, ಅದನ್ನೂ ಅವಳು ಹಾಗೇ ಬರೆದಳು. ಗೈಡ್ ಎಲ್ಲವನ್ನೂ ಎರಡು ಸಲ ನೋಡಿ, ಮೊದಲ ಸಲದ ಮಣ್ಣು ಹೋದದ್ದನ್ನು ಮುಚ್ಚಿಡದೆ ಬರೆ, ಎರಡನೆಯ ಸಲದ ಕ್ರಮವನ್ನು ವಿವರವಾಗಿ ಬರೆ, ಇಷ್ಟು ಸಾಕು ಎಂದರಂತೆ. ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದಳು. ಆ ದಿನ ನಾನು ಪೊಟ್ಟಣದಿಂದ ಬೆಲ್ಲ ತೆಗೆದು ಹೋಳಿಗೆ ಮಾಡಿದೆ.

ಪ್ರಬಂಧದ ಕೊನೆಯಲ್ಲಿ ಕನ್ನಡದ ಸಾರಾಂಶ ಇರಬೇಕಿತ್ತು. ಅದರಲ್ಲಿ ಬೇರಿನ ಮಣ್ಣು ತೆಗೆದ ಕ್ರಮ ಹೇಳುವ ಒಂದು ಸಾಲಿಗೆ ಇಬ್ಬರೂ ಊಟದ ಮೇಜಿನ ಮುಂದೆ ಬಹಳ ಹೊತ್ತು ಕೂತೆವು.

ಕೊಯ್ಲಿನ ವೇಳೆಗೆ ಸಿರುಗುಪ್ಪಕ್ಕೆ ಹೋದಾಗ ಒಂದು ನೀಲಿ ಕೊಳವೆಯನ್ನು ಭದ್ರವಾಗಿ ಬಿಗಿದು ಕೊಂಡೊಯ್ದಿದ್ದೆವು. ಹೆಣ್ಣುಮಕ್ಕಳು ತಡವಾಗಿ ನಾಟಿಯಾಗಿ ಇನ್ನೂ ನೀರಿದ್ದ ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ಮೇಸ್ತ್ರಿಯಮ್ಮ ಕೆಸರುಗೈಯಲ್ಲೇ ಅದನ್ನು ತೆಗೆದುಕೊಂಡು ಸೂರ್ಯನಿಗೆ ಹಿಡಿದಳು. ಉಳಿದವರು ಭುಜಕ್ಕೆ ಗದ್ದ ಹಚ್ಚಿ ಇಣುಕಿದರು.

"ಈ ಬೆಳ್ಳನ ಉಂಗುರ?"

"ಅದೇ ಅಕ್ಕ. ನೀವು ಜಾಲಿಸಿದ ನೀರಿನಾಗ ಇದ್ದವು."

"ಖಾಲಿ ಡಬ್ಬಿ ಏನಂತು?"

ಅದನ್ನು ಅವಳು ಮರೆತಿರಲಿಲ್ಲ. "ಏನೂ ಬೆಳೀಲಿಲ್ಲಕ್ಕ. ಎಲ್ಲಾರ ಕೈನೂ ಸ್ವಚ್ಛ" ಎಂದಳು ಹುಡುಗಿ. ಆಮೇಲೆ ಸಾರಾಂಶದ ಹಾಳೆ ತೆಗೆದು ಆ ಸಾಲನ್ನು ಓದಿದಳು: "ಬೇರುಗಳನ್ನು ಮೊದಲು ಜಾಡಿಸಿ, ನಂತರ ಶುದ್ಧ ಉಪ್ಪುನೀರಿನಲ್ಲಿ ಹತ್ತು ಬಾರಿ ಜಾಲಿಸಿ, ಆ ನೀರನ್ನು ಪರೀಕ್ಷೆಗೆ ಬಳಸಲಾಯಿತು."

"ಎರಡೂ ಹಾಕೀರಲ್ಲ!" ಮೇಸ್ತ್ರಿಯಮ್ಮನ ಮುಖ ಅರಳಿತು. ಬದುವಿನ ಮೇಲಿದ್ದ ರೈತರ ಕಡೆ ತಿರುಗಿ ಗಟ್ಟಿಯಾಗಿ, "ಕೇಳಿದ್ರೇನ್ರಿ? ನಿಮ್ಮ ಫೋನೂ ಖರೇ ಆತು" ಎಂದಳು.

ಕೊಳವೆಯನ್ನು ತಿರುಗಿ ಕೊಡುವ ಮುನ್ನ ಅದರ ಮೇಲೆ ಮೂಡಿದ್ದ ತನ್ನ ಕೆಸರು ಬೆರಳುಗಳನ್ನು ನೋಡಿಕೊಂಡಳು. ಕೈ ತಾನಾಗಿ ನೀರಿನ ಕಡೆ ಬಗ್ಗಿತು. ಅರ್ಧಕ್ಕೆ ತಡೆದು, ನನ್ನ ಮುಖ ನೋಡಿ ನಕ್ಕು, ಹಾಗೇ ನನ್ನ ಅಂಗೈಯಲ್ಲಿಟ್ಟಳು.

"ತಗೊಳ್ರಿ ಅಮ್ಮಾರ. ರಾಡಿ ಐತಿ."

ಆ ಕೊಳವೆ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ನೀಲಿ ಮಾಸಿದೆ, ಉಂಗುರ ಕರಗಿದೆ. ಗಾಜಿನ ಮೇಲಿನ ನಾಲ್ಕು ಬೆರಳ ಗುರುತನ್ನು ಮಾತ್ರ, ದಿನವೂ ಎಲ್ಲವನ್ನೂ ಒರೆಸುವ ನಾನು, ಒರೆಸಿಲ್ಲ.